ಹತ್ತು ಸಾವಿರ ಪೌಂಡಿಗೆ ಒಲ್ಲೆನೆಂದವನು

ಮನುಷ್ಯನಿಗೆ ಬೆಲೆ ಕಟ್ಟಬಾರದು ಎಂಬುದು ನಮ್ಮೆಲ್ಲರ ಬಾಯಲ್ಲಿರುವ ಮಾತು. ಆದರೂ ಬೆಲೆ ಕಟ್ಟುವ ಸಂತೆಗಳು ಲೋಕದಲ್ಲಿ ಎಷ್ಟೋ ಉಂಟು. ಬ್ರಿಟನ್ನಿನ ಕಾಲ್ಚೆಂಡಾಟದ ಸಂತೆ ಅಂಥವುಗಳಲ್ಲಿ ಒಂದು. ಎರಡು ಮಹಾಯುದ್ಧಗಳ ನಡುವಣ ಇಪ್ಪತ್ತು ವರ್ಷಗಳಲ್ಲಿ ಅದು ಬಿರುಸಾಗಿ ನಡೆಯಿತು. ಸ್ಕಾಟ್ಲೆಂಡಿನ ಕಲ್ಲಿದ್ದಲ ಗಣಿಗಳಿಂದ, ಹಡಗು ಕಟ್ಟುವ ಅಂಗಳಗಳಿಂದ ಬಂದ ಬಡ ಹುಡುಗರು ಆಟ ಕಲಿತು ಹೆಸರು ಪಡೆಯುವರು. ಇಂಗ್ಲೆಂಡಿನ ಹಣವಂತ ಸಂಘಗಳು ಬಂದು ಅವರನ್ನು ಕೊಂಡು ಒಯ್ಯುವುವು. ಹೀಗೆ ಹೋದವರು ಅನೇಕರು. ಹೋದುದರಲ್ಲಿ ತಪ್ಪೂ ಇಲ್ಲ. ಹೊಟ್ಟೆಯ ಪಾಡು ಯಾರನ್ನು ತಾನೆ ಬಿಟ್ಟಿದೆ? ಆದರೆ ಸಂತೆಯ ನಡುವೆ ನಿಲ್ಲಿಸಿ ಬೆಲೆ ಕೂಗಿದಾಗ ಒಲ್ಲೆನೆಂದು ತಲೆಯಾಡಿಸಿದವನು ಒಬ್ಬನಿದ್ದ. ಅವನ ಹೆಸರು ಜಿಮ್ಮಿ ಮೆಗ್ರೋರಿ.

ಮೆಗ್ರೋರಿ ಹುಟ್ಟಿದ್ದು 1904ರ ಏಪ್ರಿಲ್ 26ರಂದು, ಗ್ಲಾಸ್ಗೋ ನಗರದ ಗಾರ್ನ್‌ಗ್ಯಾಡ್ ಎಂಬ ಕೇರಿಯಲ್ಲಿ. ಈಗ ಆ ಕೇರಿಯನ್ನು ರಾಯ್ಸ್ಟನ್ ಎನ್ನುತ್ತಾರೆ. ಹೊಗೆ, ಮಸಿ, ಕಾರ್ಖಾನೆಯ ಕೊಳವೆಗಳ ನಡುವೆ ಒಂದೊಂದು ಮಾಳಿಗೆಮನೆಯಲ್ಲಿ ಹತ್ತಾರು ಸಂಸಾರಗಳು ಒತ್ತಿಕೊಂಡಿದ್ದ ಕಾಲ ಅದು. ಅಲ್ಲಿದ್ದವರಲ್ಲಿ ಬಹುಮಂದಿ ಐರ್ಲೆಂಡಿನಿಂದ ಹಸಿವನ್ನು ತಾಳಲಾರದೆ ಬಂದ ಕ್ಯಾಥೊಲಿಕ್ ಕುಟುಂಬಗಳವರು. ಮೆಗ್ರೋರಿಯ ತಂದೆತಾಯಿಗಳೂ ಹಾಗೆ ಬಂದವರೇ. ತಂದೆ ಗ್ಯಾಸು ತಯಾರಿಸುವ ಕಾರ್ಖಾನೆಯಲ್ಲಿ ಕೂಲಿ. ಬಾಲ್ಯ ಕಳೆಯುವ ಮೊದಲೇ ಹುಡುಗ ತಾಯಿಯನ್ನು ಕಳೆದುಕೊಂಡ.

ಈ ಜನರ ಪಾಲಿಗೆ ಸೆಲ್ಟಿಕ್ ಎಂಬ ಕಾಲ್ಚೆಂಡಿನ ಸಂಘ ಬರಿಯ ಆಟದ ಸಂಘವಾಗಿರಲಿಲ್ಲ. ಅದರ ಹುಟ್ಟೇ ಬೇರೆ ರೀತಿಯದು. 1887ರಲ್ಲಿ ಬ್ರದರ್ ವಾಲ್ಫ್ರಿಡ್ ಎಂಬ ಸನ್ಯಾಸಿ ಗ್ಲಾಸ್ಗೋವಿನ ಪೂರ್ವಭಾಗದಲ್ಲಿ ಶಾಲೆ ನಡೆಸುತ್ತಿದ್ದರು. ಹಸಿದು ಬರುವ ಮಕ್ಕಳಿಗೆ ಪಾಠ ತಲೆಗೆ ಹತ್ತುವುದಾದರೂ ಹೇಗೆ? ಆ ಮಕ್ಕಳ ಊಟಕ್ಕೆ ಹಣ ಕೂಡಿಸಬೇಕೆಂದು ಅವರು ಆಟದ ಸಂಘವೊಂದನ್ನು ಕಟ್ಟಿದರು. ಮರುವರ್ಷದ ಮೇ ತಿಂಗಳಲ್ಲಿ ಮೊದಲ ಪಂದ್ಯ ನಡೆಯಿತು. ಬರಬರುತ್ತ ಸಂಘ ಬೆಳೆದು ವ್ಯಾಪಾರದ ಕಂಪನಿಯಾಯಿತು, ಡೈರೆಕ್ಟರುಗಳು ಬಂದರು, ಲಾಭದ ಲೆಕ್ಕ ಬಂತು. ಆದರೆ ಹಸುರು ಬಿಳಿ ಪಟ್ಟೆಯ ಆ ಅಂಗಿಯನ್ನು ಕಂಡರೆ ಐರಿಷ್ ಬಡವರಿಗೆ ತಮ್ಮ ಮನೆಯನ್ನೇ ಕಂಡಂತೆ ಆಗುತ್ತಿತ್ತು. ಕೆಲಸದಲ್ಲಿ, ಬೀದಿಯಲ್ಲಿ ತಲೆ ತಗ್ಗಿಸಿ ನಡೆಯಬೇಕಾದವರು ಶನಿವಾರದ ಮಧ್ಯಾಹ್ನ ಒಂದೆರಡು ಗಂಟೆ ತಲೆ ಎತ್ತಿ ನಿಲ್ಲುತ್ತಿದ್ದ ಜಾಗ ಅದು.

ಗಾರ್ನ್‌ಗ್ಯಾಡ್ ಕೇರಿಯ ಸಂತ ರಾಕ್ ಹೆಸರಿನ ಕಿರಿಯರ ತಂಡದಲ್ಲಿ ಆಡುತ್ತಿದ್ದ ಮೆಗ್ರೋರಿಯನ್ನು ಸೆಲ್ಟಿಕ್ ಸಂಘ 1922ರಲ್ಲಿ ಸೇರಿಸಿಕೊಂಡಿತು. 1923ರ ಜನವರಿಯಲ್ಲಿ ಅವನ ಮೊದಲ ಪಂದ್ಯ; ಅದರಲ್ಲಿ ಸೋಲು. ಮರುವರ್ಷ ಅವನನ್ನು ಕ್ಲೈಡ್‌ಬ್ಯಾಂಕ್ ತಂಡಕ್ಕೆ ಎರವಲು ಕೊಟ್ಟರು. ಅಲ್ಲಿಂದ ಮರಳಿದ ಮೇಲೆ 1924ರ ಆಗಸ್ಟಿನಲ್ಲಿ ತಂದೆಯೂ ತೀರಿಕೊಂಡ. ಆ ದುಃಖದ ವರ್ಷದ ಕೊನೆಗೆ, 1925ರ ಏಪ್ರಿಲಿನಲ್ಲಿ, ಸ್ಕಾಟಿಷ್ ಕಪ್ಪಿನ ಅಂತಿಮ ಪಂದ್ಯ. ಎದುರಾಳಿ ಡಂಡೀ ತಂಡ ಒಂದು ಗೋಲಿನಿಂದ ಮುಂದಿತ್ತು. ಆಗ ಸೆಲ್ಟಿಕ್ ತಂಡದ ಪ್ಯಾಟ್ಸಿ ಗ್ಯಾಲಕರ್ ಎಂಬ ಚತುರ ಚೆಂಡನ್ನು ಎರಡು ಪಾದಗಳ ನಡುವೆ ಸಿಕ್ಕಿಸಿಕೊಂಡು ಲಾಗ ಹಾಕಿ ಚೆಂಡಿನೊಡನೆ ತಾನೂ ಬಲೆಯೊಳಗೆ ಬಿದ್ದ. ಗ್ಲಾಸ್ಗೋವಿನಲ್ಲಿ ಈಗಲೂ ಅಜ್ಜಂದಿರು ಮೊಮ್ಮಕ್ಕಳಿಗೆ ಹೇಳುವ ಕಥೆ ಇದು. ಆದರೆ ಪಂದ್ಯ ಗೆದ್ದ ಗೋಲು ಅದಲ್ಲ. ಕೊನೆಯ ಗಳಿಗೆಗಳಲ್ಲಿ ಗಾಳಿಯಲ್ಲಿ ತೇಲಿಬಂದ ಚೆಂಡಿಗೆ ನೆಲಕ್ಕೆ ಸಮಾನಾಂತರವಾಗಿ ಹಾರಿ ತಲೆಗೊಟ್ಟವನು ಇಪ್ಪತ್ತರ ಹರೆಯದ ಮೆಗ್ರೋರಿ. ಕಪ್ಪು ಸೆಲ್ಟಿಕ್‌ನದಾಯಿತು.

ಅವನ ಆಟದ ರೀತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಆಳು ಎತ್ತರವಲ್ಲ, ಸುಮಾರು ಐದಡಿ ಆರಂಗುಲ. ಆದರೆ ಅಗಲವಾದ ಹೆಗಲು, ಗೂಳಿಯಂಥ ಕೊರಳು. ಅವನ ಸ್ಥಾನ ಸೆಂಟರ್ ಫಾರ್ವರ್ಡ್, ಅಂದರೆ ಮುಂಚೂಣಿಯ ನಟ್ಟನಡುವೆ ನಿಂತು ಗೋಲು ಹೊಡೆಯಬೇಕಾದವನ ಜಾಗ. ಕಾಲಿನ ಚಮತ್ಕಾರದಲ್ಲಿ ಅವನನ್ನು ಮೀರಿಸಿದವರು ಹಲವರಿದ್ದರು. ತಲೆಯಲ್ಲಿ ಚೆಂಡನ್ನು ಹೊಡೆಯುವುದರಲ್ಲಿ ಮಾತ್ರ ಅವನಿಗೆ ಸಾಟಿ ಯಾರೂ ಇರಲಿಲ್ಲ. ಆ ಕಾಲದ ಚೆಂಡು ಈಗಿನಂತೆ ಹಗುರವಾದುದಲ್ಲ. ದಪ್ಪ ತೊಗಲಿನ ಹೊಲಿಗೆ, ಒಳಗೆ ರಬ್ಬರಿನ ಚೀಲ, ಬಾಯಿಗೆ ಬಿಗಿದ ತೊಗಲಿನ ದಾರ. ಗ್ಲಾಸ್ಗೋವಿನ ಮಳೆಯಲ್ಲಿ ನೆನೆದರೆ ನೀರು ಕುಡಿದು ಕಲ್ಲಿನಂತಾಗುತ್ತಿತ್ತು. ದಾರದ ಗಂಟು ಹಣೆಗೆ ತಾಗಿದರೆ ಗಾಯ ಖಂಡಿತ. ಅಂಥ ಚೆಂಡಿಗೆ ಓಡಿಬಂದು, ಎದುರಾಳಿಗಳ ಬೂಟುಗಳ ನಡುವೆ ಮೈಚೆಲ್ಲಿ ಹಾರಿ ತಲೆಗೊಡುವುದೆಂದರೆ ಹುಡುಗಾಟವಲ್ಲ. ಪತ್ರಿಕೆಗಳು ಅವನನ್ನು ನರರೂಪದ ಟಾರ್ಪೆಡೊ ಎಂದು ಕರೆದುವು. ಪಕ್ಕೆಲುಬು ಮುರಿದುಕೊಂಡದ್ದೂ ಉಂಟು. ಆ ಕಾರಣದಿಂದಲೇ 1927ರ ಕಪ್ಪಿನ ಅಂತಿಮ ಪಂದ್ಯದಲ್ಲಿ ಅವನು ಆಡಲಾಗಲಿಲ್ಲ.

1928ರ ಜನವರಿ 14ರಂದು ಡನ್‌ಫರ್ಮ್‌ಲಿನ್ ತಂಡದ ವಿರುದ್ಧ ಸೆಲ್ಟಿಕ್ ಒಂಬತ್ತು ಗೋಲು ಹೊಡೆಯಿತು. ಅವುಗಳಲ್ಲಿ ಎಂಟು ಮೆಗ್ರೋರಿಯವು. ಆ ಋತುವಿನ ಲೀಗ್ ಪಂದ್ಯಗಳಲ್ಲಿ ಅವನು ಹೊಡೆದ ಗೋಲುಗಳು 47. ಇಷ್ಟಾದ ಮೇಲೆ ಲಂಡನ್ನಿನ ಕಣ್ಣು ಬೀಳದೆ ಇದ್ದೀತೆ?

ಆ ಕಾಲದ ಕಾಯಿದೆಯನ್ನು ತಿಳಿದರೆ ಮುಂದಿನ ಪ್ರಸಂಗದ ತಿರುಳು ಅರ್ಥವಾಗುತ್ತದೆ. ಆಟಗಾರನು ಒಂದು ಸಂಘಕ್ಕೆ ರುಜು ಹಾಕಿದನೆಂದರೆ ಅವನ ಹೆಸರು ಆ ಸಂಘದ ಪಟ್ಟಿಗೆ ಸೇರಿತು. ಒಪ್ಪಂದದ ಅವಧಿ ತೀರಿದ ಮೇಲೂ ಸಂಘದ ಅನುಮತಿಯಿಲ್ಲದೆ ಅವನು ಬೇರೆಡೆ ಆಡುವಂತಿಲ್ಲ. ಇನ್ನೊಂದು ಸಂಘಕ್ಕೆ ಅವನು ಬೇಕೆನಿಸಿದರೆ ಹಣ ತೆರಬೇಕು. ಆ ಹಣ ಹೋಗುವುದು ಮಾರಿದ ಸಂಘದ ಪೆಟ್ಟಿಗೆಗೆ, ಆಟಗಾರನ ಜೇಬಿಗಲ್ಲ. ಇಂಗ್ಲೆಂಡಿನಲ್ಲಿ ಸಂಬಳಕ್ಕೂ ಮಿತಿ ಇತ್ತು. ಎಷ್ಟೇ ಪ್ರಸಿದ್ಧನಾಗಿರಲಿ, ಆಟದ ಕಾಲದಲ್ಲಿ ವಾರಕ್ಕೆ 8 ಪೌಂಡಿಗಿಂತ ಹೆಚ್ಚು ಕೊಡುವಂತಿಲ್ಲ. ಸ್ಕಾಟ್ಲೆಂಡಿನಲ್ಲಿ ಅಂಥ ಮಿತಿ ಇರಲಿಲ್ಲ. ಇಂಗ್ಲೆಂಡಿನ ದೊಡ್ಡ ಸಂಘಗಳು ಈ ಕಟ್ಟಳೆಗೆ ಬೇರೆ ದಾರಿ ಹುಡುಕುತ್ತಿದ್ದುವು. 1929ರಲ್ಲಿ ಆರ್ಸೆನಲ್ ಸೇರಿದ ಸ್ಕಾಟ್ಲೆಂಡಿನವನೇ ಆದ ಅಲೆಕ್ಸ್ ಜೇಮ್ಸನಿಗೆ ಲಂಡನ್ನಿನ ಪ್ರಸಿದ್ಧ ಸೆಲ್ಫ್‌ರಿಜ್ ಅಂಗಡಿಯಲ್ಲಿ ಬೇರೊಂದು ಉದ್ಯೋಗವನ್ನು ಕಲ್ಪಿಸಿ ವರಮಾನ ಹೆಚ್ಚಿಸಿದ್ದು ಇಂಥ ಉಪಾಯ. ಅಂತೂ ಮೆಗ್ರೋರಿಗೆ ಲಂಡನ್ನಿನಲ್ಲಿ ಕಾದಿದ್ದುದು ಸಂಬಳಕ್ಕಿಂತ ಹೆಚ್ಚಾಗಿ ಕೀರ್ತಿ, ಸೌಕರ್ಯ, ಗೆಲುವು.

1928ರ ಬೇಸಗೆಯಲ್ಲಿ ಸೆಲ್ಟಿಕ್‌ನ ಮ್ಯಾನೇಜರ್ ವಿಲ್ಲಿ ಮೇಲಿ ಮೆಗ್ರೋರಿಯನ್ನು ಜೊತೆಗೆ ಕರೆದುಕೊಂಡು ಫ್ರಾನ್ಸಿನ ಲೂರ್ದ್ ಕ್ಷೇತ್ರಕ್ಕೆ ಯಾತ್ರೆ ಹೊರಟ. ಮೇಲಿ ಸಾಮಾನ್ಯನಲ್ಲ, ಸೆಲ್ಟಿಕ್‌ನ ಮೊತ್ತಮೊದಲ ಪಂದ್ಯದಲ್ಲಿ ಆಡಿದವನು, 1897ರಿಂದ ಸಂಘದ ಸೂತ್ರ ಹಿಡಿದವನು. ತಂದೆಯಿಲ್ಲದ ಹುಡುಗನಿಗೆ ಹಿರಿಯನಾದ ಮ್ಯಾನೇಜರನೊಡನೆ ತೀರ್ಥಯಾತ್ರೆ! ಸಂಶಯಕ್ಕೆ ಎಡೆಯೆಲ್ಲಿ? ಆದರೆ ರೈಲು ಲಂಡನ್ನಿನ ಯೂಸ್ಟನ್ ನಿಲ್ದಾಣಕ್ಕೆ ಬಂದಾಗ ಅಲ್ಲಿ ಇಬ್ಬರು ಕಾದಿದ್ದರು. ಒಬ್ಬ ಆರ್ಸೆನಲ್ ಸಂಘದ ಮ್ಯಾನೇಜರ್ ಹರ್ಬರ್ಟ್ ಚಾಪ್ಮನ್. ಇನ್ನೊಬ್ಬ ಅದರ ಅಧ್ಯಕ್ಷ ಸರ್ ಸ್ಯಾಮ್ಯುಯಲ್ ಹಿಲ್-ವುಡ್. ಹಿರಿಯರ ನಡುವೆ ಮಾತು ಮೊದಲೇ ನಡೆದಿತ್ತು. ಆರ್ಸೆನಲ್ ಸೆಲ್ಟಿಕ್‌ಗೆ ಕೊಡಲಿದ್ದ ಬೆಲೆ 10,000 ಪೌಂಡು. ಅಲ್ಲಿಯವರೆಗೆ ಯಾವ ಆಟಗಾರನಿಗೂ ಅಷ್ಟು ಬೆಲೆ ಬಂದಿರಲಿಲ್ಲ. ಉಳಿದಿದ್ದುದು ಮೆಗ್ರೋರಿಯ ರುಜು ಒಂದೇ.

ಅವನು ಬೇಡವೆಂದ. ಚಾಪ್ಮನ್ ಮಾತುಗಾರ, ಆಟದ ಲೋಕದಲ್ಲಿ ಆ ಕಾಲದ ಮಹಾ ತಂತ್ರಜ್ಞ. ಎಷ್ಟು ಹೇಳಿದರೂ ಹುಡುಗ ಬಗ್ಗಲಿಲ್ಲ. ಯಾತ್ರೆ ಮುಗಿಸಿ ಮರಳುವಾಗ ಲಂಡನ್ನಿನಲ್ಲಿ ಮತ್ತೆ ಅದೇ ಭೇಟಿ, ಅದೇ ಮಾತು, ಅದೇ ಉತ್ತರ. ಆರ್ಸೆನಲ್‌ನ ಮೆಗ್ರೋರಿ ಎಂಬ ಮಾತು ತನ್ನ ಕಿವಿಗೆ ಹೊಂದಲೇ ಇಲ್ಲವೆಂದು ಅವನು ಮುಂದೆ ಹೇಳಿಕೊಂಡಿದ್ದಾನೆ. ಅವನು ಕೊಟ್ಟ ಕಾರಣ ಅಷ್ಟೇ. ಅದೇ ವರ್ಷದ ಅಕ್ಟೋಬರಿನಲ್ಲಿ ಚಾಪ್ಮನ್ ಬೋಲ್ಟನ್ ಸಂಘದಿಂದ ಡೇವಿಡ್ ಜ್ಯಾಕ್ ಎಂಬವನನ್ನು 10,890 ಪೌಂಡಿಗೆ ಕೊಂಡ. ಹತ್ತು ಸಾವಿರ ದಾಟಿದ ಮೊದಲ ಆಟಗಾರನೆಂಬ ಹೆಸರು ಜ್ಯಾಕನದಾಯಿತು.

ಸೆಲ್ಟಿಕ್‌ಗೆ ಆಗ ಹಣದ ಅಗತ್ಯವಿತ್ತು. 1929ರಲ್ಲಿ ಅವರು ತಮ್ಮ ಮೈದಾನದಲ್ಲಿ ಪ್ರೇಕ್ಷಕರಿಗೆ ದೊಡ್ಡ ಹೊಸ ಸ್ಟ್ಯಾಂಡ್ ಒಂದನ್ನು ಕಟ್ಟಿಸಿದರು. ಮಾರಿ ಹಣ ಮಾಡೋಣವೆಂದರೆ ಸರಕೇ ಒಲ್ಲೆನೆಂದಿತು! ಮೇಲಿನವರು ಬಾಯಿಬಿಟ್ಟು ಗದರಲಿಲ್ಲ. ಆದರೆ ಮೆಗ್ರೋರಿಗೆ ಬಹುಕಾಲದ ಮೇಲೆ ಒಂದು ಸಂಗತಿ ತಿಳಿಯಿತು. ಅವನ ಜೊತೆಗಾರರು ವಾರಕ್ಕೆ 9 ಪೌಂಡು ಪಡೆಯುತ್ತಿದ್ದರು. ತಂಡದ ಗೋಲುಗಳ ಭಾರವನ್ನು ಹೊತ್ತಿದ್ದ ಅವನಿಗೆ ಮಾತ್ರ ಸಿಗುತ್ತಿದ್ದುದು 8. ಉಳಿದುಕೊಂಡದ್ದಕ್ಕೆ ಸಂದ ದಂಡ ಅದು. ಅದನ್ನು ಕೇಳಿ ಅವನು ಸಿಡಿಮಿಡಿಗೊಂಡದ್ದಿಲ್ಲ. ಆ ಪಟ್ಟೆಯಂಗಿ ತೊಡುವ ಸಂತೋಷಕ್ಕೆ ಅಷ್ಟು ನಷ್ಟ ಸಲ್ಲುತ್ತದೆಂಬಂತೆ ಮಾತಾಡಿ ಸುಮ್ಮನಾದ.

ನಮ್ಮ ಹಳಗನ್ನಡ ಕಾವ್ಯಗಳನ್ನು ಓದಿದವರಿಗೆ ಜೋಳವಾಳಿ ಎಂಬ ಮಾತು ಗೊತ್ತು. ಉಂಡ ಜೋಳದ ಋಣಕ್ಕೆ ಒಡೆಯನ ಪರವಾಗಿ ನಿಲ್ಲುವುದು ಎಂದು ಅದರ ಅರ್ಥ. ಪಂಪನ ಕರ್ಣನು ಹಿರಿಯ ಪದವಿ ಕೈಗೆ ಬಂದರೂ ಒಲ್ಲದೆ ಉಳಿದದ್ದು ಆ ಋಣದ ನೆನಪಿನಿಂದ. ಮೆಗ್ರೋರಿಯ ನಡತೆಯನ್ನು ನಾವು ಹಾಗೆಯೇ ಹೊಗಳಿಬಿಡಬಹುದು. ಆದರೆ ಒಂದು ವ್ಯತ್ಯಾಸವಿದೆ. ದುರ್ಯೋಧನ ತನ್ನ ಗೆಳೆಯನನ್ನು ಮಾರಲು ಹೊರಟಿರಲಿಲ್ಲ. ಇಲ್ಲಿ ಒಡೆಯನೇ ಆಳನ್ನು ಸಂತೆಗೆ ಎಳೆದು ತಂದಿದ್ದ. ಹಾಗಾದರೆ ಮೆಗ್ರೋರಿ ಯಾರ ಜೋಳದ ಋಣಕ್ಕೆ ಕಟ್ಟುಬಿದ್ದ? ಡೈರೆಕ್ಟರುಗಳದಕ್ಕಲ್ಲ, ಮೇಲಿಯದಕ್ಕೂ ಅಲ್ಲ. ಮಳೆಯಲ್ಲಿ ನಿಂತು, ಕೂಲಿಯ ಹಣದಲ್ಲಿ ಟಿಕೀಟು ಕೊಂಡು ಅವನ ಹೆಸರು ಕೂಗುತ್ತಿದ್ದ ಗಾರ್ನ್‌ಗ್ಯಾಡಿನ ಜನರದು ಆ ಜೋಳ. ಹಾಗೆ ನೋಡಿದರೆ ಮಾತ್ರ ಅವನು ಉಳಿದದ್ದು ಪೆದ್ದುತನವಾಗಿ ಕಾಣುವುದಿಲ್ಲ.

ಮುಂದಿನ ವರ್ಷಗಳು ಈ ನಿರ್ಧಾರವನ್ನು ಚೆನ್ನಾಗಿಯೇ ಒರೆಗೆ ಹಚ್ಚಿದುವು. ಆರ್ಸೆನಲ್ 1930ರಲ್ಲಿ ಇಂಗ್ಲೆಂಡಿನ ಕಪ್ಪನ್ನು, 1931, 1933, 1934, 1935ರಲ್ಲಿ ಲೀಗನ್ನು ಗೆದ್ದಿತು. ಸೆಲ್ಟಿಕ್ 1926ರಲ್ಲಿ ಲೀಗ್ ಗೆದ್ದ ಮೇಲೆ ಹತ್ತು ವರ್ಷ ಆ ಪಟ್ಟ ಕಾಣಲಿಲ್ಲ. ಎದುರಾಳಿ ರೇಂಜರ್ಸ್ ಸಂಘ ಮೆರೆಯಿತು. ಇದರ ಮೇಲೆ ಸಾವುಗಳು. 1931ರ ಸೆಪ್ಟೆಂಬರ್ 5ರಂದು ರೇಂಜರ್ಸ್ ಜೊತೆಗಿನ ಪಂದ್ಯದಲ್ಲಿ ಸೆಲ್ಟಿಕ್‌ನ ಗೋಲ್‌ಕೀಪರ್ ಜಾನ್ ಥಾಮ್ಸನ್ ಎದುರಾಳಿಯ ಕಾಲಿಗೆ ತಲೆ ತಾಗಿ ಬಿದ್ದು ಅದೇ ರಾತ್ರಿ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನಿಗೆ 22 ವರ್ಷ. ಅವನ ಊರಾದ ಕಾರ್ಡೆಂಡನ್‌ಗೆ ಅಂತ್ಯಕ್ರಿಯೆಗಾಗಿ ಗ್ಲಾಸ್ಗೋವಿನಿಂದ ಐವತ್ತು ಮೈಲಿಗೂ ಮಿಕ್ಕ ದಾರಿಯನ್ನು ನಡೆದೇ ಹೋದವರಿದ್ದರು. ರೈಲಿಗೆ ಕೊಡಲು ಅವರಲ್ಲಿ ಕಾಸಿರಲಿಲ್ಲ. 1933ರ ಕೊನೆಯಲ್ಲಿ ಮೆಗ್ರೋರಿಯ ಪಕ್ಕದಲ್ಲೇ ಆಡುತ್ತಿದ್ದ ಪೀಟರ್ ಸ್ಕಾರ್ಫ್ ಕ್ಷಯಕ್ಕೆ ಬಲಿಯಾದ.

ನಗರದ ಪಾಡೂ ಹಾಗೆಯೇ ಇತ್ತು. ಮೆಗ್ರೋರಿ ಒಂದು ವರ್ಷ ಆಡಿದ್ದ ಕ್ಲೈಡ್‌ಬ್ಯಾಂಕ್ ಊರಿನಲ್ಲಿ ಕಟ್ಟುತ್ತಿದ್ದ ಮಹಾ ಹಡಗಿನ ಕೆಲಸ 1931ರ ಡಿಸೆಂಬರಿನಲ್ಲಿ ಹಣವಿಲ್ಲದೆ ನಿಂತುಹೋಯಿತು. ಮುಂದೆ ಕ್ವೀನ್ ಮೇರಿ ಎಂದು ಹೆಸರಾದ ಆ ಹಡಗು 1934ರ ಏಪ್ರಿಲಿನವರೆಗೆ ತುಕ್ಕು ಹಿಡಿಯುತ್ತ ಕುಳಿತಿತ್ತು. ಸಾವಿರಾರು ಕೆಲಸಗಾರರು ಬೀದಿಯಲ್ಲಿದ್ದರು. ಅಂಥ ದಿನಗಳಲ್ಲಿ ಶನಿವಾರದ ಗೋಲು ಎಂದರೆ ಏನೆಂಬುದನ್ನು ಹೊಟ್ಟೆ ತುಂಬಿದವರು ಅಳೆಯಲಾರರು.

ಗೋಲುಗಳಂತೂ ಬರುತ್ತಲೇ ಇದ್ದುವು. 1931ರ ಕಪ್ಪಿನ ಅಂತಿಮ ಪಂದ್ಯದಲ್ಲಿ ಮದರ್‌ವೆಲ್ ತಂಡ 2–0 ಮುಂದಿತ್ತು. ಮೆಗ್ರೋರಿ ಒಂದನ್ನು ತೀರಿಸಿದ; ಕೊನೆಯ ಗಳಿಗೆಯಲ್ಲಿ ಎದುರಾಳಿಯೇ ಕೈತಪ್ಪಿ ತನ್ನ ಬಲೆಗೆ ಚೆಂಡನ್ನು ಸೇರಿಸಿ ಸಮ ಮಾಡಿದ. ಮರುಪಂದ್ಯದಲ್ಲಿ ಸೆಲ್ಟಿಕ್ 4–2 ಗೆದ್ದಿತು; ಎರಡು ಗೋಲು ಮೆಗ್ರೋರಿಯವು. 1933ರಲ್ಲಿ ಮತ್ತೆ ಅದೇ ಮದರ್‌ವೆಲ್ ವಿರುದ್ಧ ಕಪ್ಪು ಗೆದ್ದುಕೊಟ್ಟ ಒಂಟಿ ಗೋಲೂ ಅವನದೇ.

ಆದರೆ ಸ್ಕಾಟ್ಲೆಂಡಿನ ರಾಷ್ಟ್ರತಂಡ ಆರಿಸುವವರು ಅವನನ್ನು ಅಷ್ಟಾಗಿ ಲೆಕ್ಕಿಸಲಿಲ್ಲ. 1928ರ ಮಾರ್ಚಿನಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 5–1ರಿಂದ ಸೋಲಿಸಿದ ಪ್ರಖ್ಯಾತ ತಂಡದಲ್ಲಿ ಅವನಿರಲಿಲ್ಲ. ಆ ಸ್ಥಾನದಲ್ಲಿ ಆಡಿದವನು ಹ್ಯೂಯೀ ಗ್ಯಾಲಕರ್. ಅವನೂ ಅಸಾಧಾರಣ ಆಟಗಾರನೇ. ಒಟ್ಟು ಏಳು ಪಂದ್ಯಗಳಲ್ಲಿ ಮಾತ್ರ ಮೆಗ್ರೋರಿ ದೇಶದ ಪರವಾಗಿ ಆಡಿದ. ಆರು ಗೋಲು ಹೊಡೆದ. ಅವುಗಳಲ್ಲಿ ಎರಡು 1933ರ ಏಪ್ರಿಲ್ 1ರಂದು ಹ್ಯಾಂಪ್ಡನ್ ಮೈದಾನದಲ್ಲಿ ಇಂಗ್ಲೆಂಡನ್ನು 2–1ರಿಂದ ಸೋಲಿಸಿದ ಗೋಲುಗಳು. ಅಂದು ನೆರೆದಿದ್ದವರು 1,34,000ಕ್ಕೂ ಹೆಚ್ಚು ಜನ.

1935–36ರಲ್ಲಿ ಕಾದ ಫಲ ಬಂತು. ಡಿಸೆಂಬರ್ 21ರಂದು ಅಬರ್ಡೀನ್ ವಿರುದ್ಧ ಮೂರು ಗೋಲು ಹೊಡೆದು ಅವನು ಹ್ಯೂಯೀ ಫರ್ಗೂಸನ್ನನ 364 ಲೀಗ್ ಗೋಲುಗಳ ದಾಖಲೆಯನ್ನು ಮೀರಿದ. ಈ ಫರ್ಗೂಸನ್ ಕಾರ್ಡಿಫ್ ತಂಡಕ್ಕೆ 1927ರ ಇಂಗ್ಲಿಷ್ ಕಪ್ಪನ್ನು ಗೆದ್ದುಕೊಟ್ಟವನು. ಆಟ ಕೈಕೊಟ್ಟ ದಿನಗಳಲ್ಲಿ, 1930ರಲ್ಲಿ, ತನ್ನ ಕೈಯಾರೆ ಜೀವ ಕಳೆದುಕೊಂಡವನು. ಗೋಲು ನಿಂತ ದಿನ ಆಟಗಾರನ ಗತಿ ಏನೆಂಬುದಕ್ಕೆ ಈ ಹೆಸರೇ ಸಾಕ್ಷಿ. 1936ರ ಮಾರ್ಚಿನಲ್ಲಿ ಮದರ್‌ವೆಲ್ ವಿರುದ್ಧ ಮೆಗ್ರೋರಿ ಸುಮಾರು ಮೂರು ನಿಮಿಷದಲ್ಲಿ ಮೂರು ಗೋಲು ಹೊಡೆದ. ಋತು ಮುಗಿದಾಗ ಅವನ ಲೀಗ್ ಗೋಲುಗಳು 50. ಹತ್ತು ವರ್ಷದ ಮೇಲೆ ಲೀಗ್ ಪಟ್ಟ ಸೆಲ್ಟಿಕ್‌ಗೆ. 1937ರ ಏಪ್ರಿಲಿನಲ್ಲಿ ಕಪ್ಪಿನ ಅಂತಿಮ ಪಂದ್ಯಕ್ಕೆ 1,46,000ಕ್ಕೂ ಮಿಕ್ಕಿ ಜನ ಸೇರಿದರು. ಯೂರೋಪಿನಲ್ಲಿ ಎರಡು ಸಂಘಗಳ ನಡುವಣ ಪಂದ್ಯಕ್ಕೆ ಅಷ್ಟು ಜನ ಸೇರಿದ್ದು ಅಲ್ಲಿಗೆ ಹಿಂದೂ ಇಲ್ಲ, ಮುಂದೂ ಇಲ್ಲ. ಅಬರ್ಡೀನನ್ನು 2–1ರಿಂದ ಸೋಲಿಸಿ ಸೆಲ್ಟಿಕ್ ಕಪ್ಪು ಗೆದ್ದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕ್ವೀನ್ಸ್ ಪಾರ್ಕ್ ವಿರುದ್ಧ ತನ್ನ ಕೊನೆಯ ಪಂದ್ಯವಾಡಿ, ಅದರಲ್ಲೂ ಒಂದು ಗೋಲು ಹೊಡೆದು, ಮೆಗ್ರೋರಿ ಬೂಟು ಕಳಚಿದ.

ಅನಂತರ ಅವನು ಕಿಲ್ಮಾರ್ನಕ್ ತಂಡದ ಮ್ಯಾನೇಜರನಾದ. 1937ರ ಕ್ರಿಸ್‌ಮಸ್ ದಿನ ಸೆಲ್ಟಿಕ್ ಅವನ ಹೊಸ ತಂಡವನ್ನು 8–0ರಿಂದ ಸೋಲಿಸಿತು. ಮೂರು ತಿಂಗಳಲ್ಲಿ ಕಿಲ್ಮಾರ್ನಕ್ ಕಪ್ಪಿನ ಪಂದ್ಯದಲ್ಲಿ ಸೆಲ್ಟಿಕ್ ಅನ್ನೇ ಅದರ ಮೈದಾನದಲ್ಲಿ ಸೋಲಿಸಿ ಅಂತಿಮ ಪಂದ್ಯದವರೆಗೆ ಹೋಯಿತು. 1945ರಲ್ಲಿ ಸೆಲ್ಟಿಕ್ ಅವನನ್ನು ಮ್ಯಾನೇಜರನಾಗಿ ಕರೆಸಿಕೊಂಡಿತು. ಇಪ್ಪತ್ತು ವರ್ಷ ಆ ಕುರ್ಚಿಯಲ್ಲಿ ಕುಳಿತರೂ ತಂಡ ಆರಿಸುವ ಅಧಿಕಾರ ಬಹುಮಟ್ಟಿಗೆ ಅಧ್ಯಕ್ಷ ರಾಬರ್ಟ್ ಕೆಲ್ಲಿಯ ಕೈಯಲ್ಲಿತ್ತು. ಅವನ ಮೃದುತನವನ್ನು ಸಂಘ ಆಗಲೂ ಬಳಸಿಕೊಂಡಿತೆನ್ನಬೇಕು. 1954ರಲ್ಲಿ ಲೀಗೂ ಕಪ್ಪೂ ಒಟ್ಟಿಗೆ ಬಂದುವು. 1957ರ ಲೀಗ್ ಕಪ್ಪಿನ ಅಂತಿಮ ಪಂದ್ಯದಲ್ಲಿ ರೇಂಜರ್ಸ್ 7–1ರಿಂದ ಸೋತಿತು. ಉಳಿದಂತೆ ಬರಗಾಲವೇ ಹೆಚ್ಚು. 1965ರಲ್ಲಿ ಅವನ ಜಾಗಕ್ಕೆ ಜಾಕ್ ಸ್ಟೀನ್ ಬಂದ. 1967ರಲ್ಲಿ ಲಿಸ್ಬನ್ನಿನಲ್ಲಿ ಯೂರೋಪಿನ ಕಪ್ಪು ಗೆದ್ದ ಸೆಲ್ಟಿಕ್ ಆಟಗಾರರಲ್ಲಿ ಹಲವರು ಮೆಗ್ರೋರಿಯ ಕಾಲದಲ್ಲಿ ಸಂಘಕ್ಕೆ ಸೇರಿದ ಹುಡುಗರು. 1982ರ ಅಕ್ಟೋಬರ್ 20ರಂದು ಅವನು ತೀರಿಕೊಂಡ.

ಆಟಗಾರನನ್ನು ಕಟ್ಟಿಹಾಕಿದ್ದ ಕಾಯಿದೆಗಳು ಒಂದೊಂದಾಗಿ ಬಿದ್ದುವು. ಇಂಗ್ಲೆಂಡಿನ ಸಂಬಳದ ಮಿತಿ 1961ರಲ್ಲಿ ಹೋಯಿತು. 1963ರಲ್ಲಿ ಜಾರ್ಜ್ ಈಸ್ಟ್‌ಹ್ಯಾಮ್ ಎಂಬ ಆಟಗಾರ ನ್ಯಾಯಾಲಯದಲ್ಲಿ ಗೆದ್ದು ಹಳೆಯ ಕಟ್ಟನ್ನು ಸಡಿಲಿಸಿದ. 1995ರಲ್ಲಿ ಬಾಸ್ಮನ್ ಎಂಬವನ ಮೊಕದ್ದಮೆಯ ತೀರ್ಪಿನಿಂದ ಒಪ್ಪಂದ ಮುಗಿದವನು ಯೂರೋಪಿನಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದಾಯಿತು. ಇದು ನ್ಯಾಯವೇ ಸರಿ. ಹೋಗುವ ಹಕ್ಕಿಲ್ಲದವನು ಉಳಿದರೆ ಅದನ್ನು ನಿಷ್ಠೆ ಎನ್ನುವುದು ಕಷ್ಟ. ಮೆಗ್ರೋರಿಯ ಪ್ರಸಂಗದ ವೈಶಿಷ್ಟ್ಯವೂ ಅಲ್ಲೇ ಇದೆ. ಒಡೆಯರೇ ಬಾಗಿಲು ತೆರೆದು ಹೊರಡೆಂದಾಗ, ತನಗಿದ್ದ ಒಂದೇ ಒಂದು ಹಕ್ಕನ್ನು, ರುಜು ಹಾಕದಿರುವ ಹಕ್ಕನ್ನು, ಅವನು ಉಳಿಯುವುದಕ್ಕಾಗಿ ಬಳಸಿದ.

ಅವನ ಲೀಗ್ ಗೋಲುಗಳು 408 ಪಂದ್ಯಗಳಲ್ಲಿ 410. ಎಲ್ಲ ಬಗೆಯ ಮೊದಲ ದರ್ಜೆಯ ಪಂದ್ಯಗಳೂ ಸೇರಿ 550. ಬ್ರಿಟನ್ನಿನಲ್ಲಿ ಈ ಎಣಿಕೆಯನ್ನು ಮುಟ್ಟಿದವರಿಲ್ಲ. ಸೆಲ್ಟಿಕ್ ಒಂದರ ಪರವಾಗಿ ಹೊಡೆದವು 470ರ ಆಸುಪಾಸು. ವಾರಕ್ಕೊಂದು ಪೌಂಡಿನಂತೆ 1928ರಿಂದ 1937ರವರೆಗಿನ ನಷ್ಟವನ್ನು ಲೆಕ್ಕ ಹಾಕಿದರೆ ಅದೂ ಹೆಚ್ಚುಕಡಮೆ ಅಷ್ಟೇ ಪೌಂಡು ಬರುತ್ತದೆ. ಪೌಂಡುಗಳನ್ನು ಉಳಿಸಿಕೊಂಡ ಡೈರೆಕ್ಟರುಗಳ ಹೆಸರು ಜನಕ್ಕೆ ಮರೆತುಹೋಗಿದೆ. ಗೋಲುಗಳ ಲೆಕ್ಕವನ್ನು ಮಾತ್ರ ಗಾರ್ನ್‌ಗ್ಯಾಡಿನವರ ಮೊಮ್ಮಕ್ಕಳು ಈಗಲೂ ಬಾಯಲ್ಲಿ ಹೇಳುತ್ತಾರೆ.